ಏಪ್ರಿಲ್ 27ಕ್ಕೆ ಸೇರಬೇಕಿದ್ದ ಸದನ

1989ರ ಏಪ್ರಿಲ್ 20, ಗುರುವಾರ. ಕರ್ನಾಟಕದ ಸಚಿವ ಸಂಪುಟ ಅಂದು ಸಭೆ ಸೇರಿ, ಏಪ್ರಿಲ್ 27ಕ್ಕೆ ವಿಧಾನಸಭೆಯ ಅಧಿವೇಶನ ಕರೆಯಬೇಕೆಂದು ತೀರ್ಮಾನಿಸಿತು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕಾನೂನು ಸಚಿವರೊಡನೆ ಹೋಗಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರನ್ನು ಕಂಡರು. ತಮಗೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಸದನದಲ್ಲೇ ತೋರಿಸುತ್ತೇನೆ, ಒಂದು ವಾರ ತಡವೆನಿಸಿದರೆ ಇನ್ನೂ ಮುಂಚೆಯೇ ಸಭೆ ಕರೆಯಲು ಸಿದ್ಧ ಎಂದು ತಿಳಿಸಿದರು. ಟೆಲೆಕ್ಸ್ ಸಂದೇಶವೊಂದು ರಾಷ್ಟ್ರಪತಿಯವರಿಗೂ ಹೋಯಿತು. ಮರುದಿನವೇ ರಾಷ್ಟ್ರಪತಿಯವರ ಘೋಷಣೆ ಹೊರಬಿತ್ತು. ಮಂತ್ರಿಮಂಡಲ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. 27ಕ್ಕೆ ಸೇರಲು ಸದನವೇ ಉಳಿಯಲಿಲ್ಲ.

ಆ ಒಂದು ವಾರ ಕಾಯಬಾರದಿತ್ತೇ ಎಂಬ ಪ್ರಶ್ನೆಗೆ ಉತ್ತರ ಬರಲು ಐದು ವರ್ಷ ಹಿಡಿಯಿತು. ಉತ್ತರ ಕೊಟ್ಟದ್ದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ. ದೆಹಲಿ ಮತ್ತು ರಾಜ್ಯಗಳ ನಡುವೆ ಅಧಿಕಾರದ ಗೆರೆ ಎಲ್ಲಿದೆ ಎಂದು ಇಂದು ದೇಶದ ಯಾವ ನ್ಯಾಯಾಲಯದಲ್ಲಿ ವಾದ ನಡೆದರೂ ಹುಬ್ಬಳ್ಳಿಯ ವಕೀಲ ಬೊಮ್ಮಾಯಿಯವರ ಹೆಸರು ಬಂದೇ ಬರುತ್ತದೆ. ಕನ್ನಡಿಗರು ತಮ್ಮ ಇತಿಹಾಸದ ಹೆಮ್ಮೆಯ ಸಂಗತಿಗಳನ್ನು ಎಣಿಸುವಾಗ ಮಾತ್ರ ಈ ಪ್ರಕರಣ ಯಾರ ನೆನಪಿಗೂ ಸುಲಭಕ್ಕೆ ಬರುವುದಿಲ್ಲ. ಬರಬೇಕಿತ್ತು.

ಬೊಮ್ಮಾಯಿ ಶಿಗ್ಗಾಂವಿ ತಾಲ್ಲೂಕಿನ ಕಾರಡಗಿಯವರು. ಹುಬ್ಬಳ್ಳಿಯಲ್ಲಿ ವಕೀಲಿ ನಡೆಸಿದವರು, ಎಂ.ಎನ್. ರಾಯ್ ಅವರ ವಿಚಾರಗಳಿಗೆ ಒಲಿದವರು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದದಿಂದಾಗಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಾಗ ಅವರು ಮುಖ್ಯಮಂತ್ರಿಯಾದರು. ಪಕ್ಷದ ಒಳಗೆ ಆಗ ನೆಮ್ಮದಿ ಇರಲಿಲ್ಲ. ಜನತಾ ಪಕ್ಷ ಲೋಕದಳದ ಜೊತೆ ಬೆರೆತು ಜನತಾದಳವಾಗುತ್ತಿದ್ದ ಹೊತ್ತು ಅದು. ಯಾರು ಯಾವ ಕಡೆ ಎಂಬುದು ದಿನಕ್ಕೊಂದು ರೀತಿ ಇತ್ತು. 1989ರ ಏಪ್ರಿಲ್ 15ರಂದು ಬೊಮ್ಮಾಯಿ ಸಂಪುಟಕ್ಕೆ ಇನ್ನೂ 13 ಮಂದಿಯನ್ನು ಸೇರಿಸಿಕೊಂಡರು. ಮಂತ್ರಿಗಿರಿ ಸಿಕ್ಕವರಿಗಿಂತ ಸಿಗದವರೇ ಹೆಚ್ಚು ಇರುವುದು ಎಲ್ಲ ಸಂಪುಟ ವಿಸ್ತರಣೆಗಳ ಪಾಡು.

ಎರಡೇ ದಿನಕ್ಕೆ, ಏಪ್ರಿಲ್ 17ರಂದು, ಕೆ.ಆರ್. ಮೊಳಕೇರಿ ಎಂಬ ಶಾಸಕರು ಪಕ್ಷ ತೊರೆದರು. ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂಬ ಒಕ್ಕಣೆಯ, ಬೇರೆ ಶಾಸಕರ ಸಹಿಯಿದ್ದ 19 ಪತ್ರಗಳನ್ನು ರಾಜ್ಯಪಾಲರಿಗೆ ಒಪ್ಪಿಸಿದರು. ರಾಜ್ಯಪಾಲರು ಶಾಸಕಾಂಗದ ಕಾರ್ಯದರ್ಶಿಯಿಂದ ಆ ಸಹಿಗಳನ್ನು ತಾಳೆ ನೋಡಿಸಿದರು. ಮುಖ್ಯಮಂತ್ರಿಯನ್ನು ಕರೆದು ಕೇಳಲಿಲ್ಲ. 19ರಂದು ರಾಷ್ಟ್ರಪತಿಗೆ ವರದಿ ಹೋಯಿತು: ಬೊಮ್ಮಾಯಿಯವರಿಗೆ ಬಹುಮತ ಇಲ್ಲ, ಬೇರೆ ಪಕ್ಷಕ್ಕೂ ಸರ್ಕಾರ ರಚಿಸುವ ಶಕ್ತಿ ಇಲ್ಲ. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ ರಾಜ್ಯಪಾಲರಿಗೆ ಪತ್ರ ಬರೆದು, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಮೂಡಿಸಿ ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗೇ ಇದ್ದೇವೆ ಎಂದರು. ಈ ತಿರುವು ನೋಡಿದ ಮೇಲೂ ರಾಜ್ಯಪಾಲರು ಸದನದ ದಾರಿ ಹಿಡಿಯಲಿಲ್ಲ. ಶಾಸಕರನ್ನು ಒಲಿಸಿಕೊಳ್ಳುವ ಯತ್ನ ನಡೆದಿದೆ, ವಾತಾವರಣ ಕೆಡುತ್ತಿದೆ ಎಂದು ಅಂದೇ ಎರಡನೇ ವರದಿ ಕಳಿಸಿದರು. ಕೇಂದ್ರದಲ್ಲಿ ಆಗ ರಾಜೀವ್ ಗಾಂಧಿಯವರ ಸರ್ಕಾರ. ಗೃಹಸಚಿವರು ಬೂಟಾ ಸಿಂಗ್.

ಮೂರು ದಿನದಲ್ಲಿ ಏಳು ಮಂದಿ ಮಾತು ಬದಲಿಸಿದರು ಎಂದರೆ ಅವರ ನಿಜವಾದ ನಿಲುವನ್ನು ತಿಳಿಯಲು ಇದ್ದ ದಾರಿ ಒಂದೇ. ಅವರನ್ನು ಸದನದಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳುವುದು. ಆ ದಾರಿಯನ್ನೇ ಘೋಷಣೆ ಮುಚ್ಚಿತು.

ಭಾರತದಲ್ಲಿ ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆ ಎಂದ ಕೂಡಲೇ ಶಾಲೆಯಲ್ಲಿ ಓದಿದ ಮೂರು ಪಟ್ಟಿಗಳು ನೆನಪಾಗುತ್ತವೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಅವು ಇವೆ. 1950ರಲ್ಲಿ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳಿದ್ದವು. ರಕ್ಷಣೆ, ರೈಲು, ನಾಣ್ಯ, ವಿದೇಶ ವ್ಯವಹಾರ ದೆಹಲಿಗೆ. ಪೊಲೀಸು, ಜಮೀನು, ಆಸ್ಪತ್ರೆ, ಕೃಷಿ, ಪಂಚಾಯಿತಿ ರಾಜ್ಯಕ್ಕೆ. ಯಾವ ಪಟ್ಟಿಯಲ್ಲೂ ಇಲ್ಲದ್ದು ಕೇಂದ್ರದ್ದು. 1976ರ 42ನೇ ತಿದ್ದುಪಡಿ ಶಿಕ್ಷಣ ಮತ್ತು ಅರಣ್ಯಗಳನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸಾಗಿಸಿತು. ಈ ಹಂಚಿಕೆಯ ಬಗ್ಗೆ ಜಗಳ ಇದ್ದೇ ಇದೆ. ಆದರೆ ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲು ಬಳಸಿದ 356ನೇ ವಿಧಿ ಜಾರಿಯಾದ ದಿನ ಈ ಯಾವ ಗೆರೆಗೂ ಅರ್ಥ ಉಳಿಯುವುದಿಲ್ಲ. ರಾಜ್ಯದ ಆಡಳಿತ ರಾಷ್ಟ್ರಪತಿಯ ಹೆಸರಿನಲ್ಲಿ ಕೇಂದ್ರದ ಕೈಗೆ ಹೋಗುತ್ತದೆ, ರಾಜ್ಯ ಪಟ್ಟಿಯ ವಿಷಯಗಳ ಮೇಲೆ ಸಂಸತ್ತೇ ಕಾನೂನು ಮಾಡುತ್ತದೆ, ರಾಜ್ಯದ ಬಜೆಟ್ಟಿಗೂ ಅಲ್ಲೇ ಒಪ್ಪಿಗೆ. ಹಾಗಾಗಿ ಒಕ್ಕೂಟ ವ್ಯವಸ್ಥೆಯ ಅಸಲು ಕಥೆಯನ್ನು ಪಟ್ಟಿಗಳಿಗಿಂತ ಈ ಒಂದು ವಿಧಿಯ ಚರಿತ್ರೆಯೇ ಚೆನ್ನಾಗಿ ಹೇಳುತ್ತದೆ.

ಮೇಲಿನ ಅಧಿಕಾರ ಕೆಳಗಿನ ಸರ್ಕಾರವನ್ನು ಬದಿಗೆ ಸರಿಸಿ ತಾನೇ ಆಳುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಮೈಸೂರಿನ ಬಾಲಕ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಒಪ್ಪಂದವೊಂದನ್ನು ಬರೆಸಿಕೊಂಡಿತು. ವರ್ಷಕ್ಕೆ 7 ಲಕ್ಷ ವರಹದ ಪೊಗದಿ. ಆ ಹಣಕ್ಕೆ ಧಕ್ಕೆ ಬರುವಂತೆ ಕಂಡರೆ ಆಡಳಿತವನ್ನು ತಾನೇ ವಹಿಸಿಕೊಳ್ಳುವ ಹಕ್ಕು ಕಂಪನಿಗೆ. 1830–31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದಾಗ ಗವರ್ನರ್ ಜನರಲ್ ಬೆಂಟಿಂಕ್ ಆ ಕಲಮನ್ನು ಬಳಸಿ ರಾಜ್ಯವನ್ನು ವಶಕ್ಕೆ ತೆಗೆದುಕೊಂಡರು. ಆಮೇಲೆ ಅವರೇ ನೇಮಿಸಿದ ಸಮಿತಿ 1833ರಲ್ಲಿ ವಿಚಾರಣೆ ನಡೆಸಿ, ದೊರೆಯ ದುರಾಡಳಿತದ ಬಗ್ಗೆ ಮೇಲಕ್ಕೆ ಹೋಗಿದ್ದ ವರದಿಗಳಲ್ಲಿ ಅತಿಶಯೋಕ್ತಿ ಇತ್ತೆಂದು ಕಂಡುಕೊಂಡಿತು. ಬೆಂಟಿಂಕರಿಗೂ ತಮ್ಮ ಕ್ರಮದ ಬಗ್ಗೆ ಅಳುಕು ಹುಟ್ಟಿತು. ಆದರೂ ಅಧಿಕಾರ ಅರಮನೆಗೆ ಮರಳಿದ್ದು 1881ರಲ್ಲಿ, ಐವತ್ತು ವರ್ಷ ಕಳೆದ ಮೇಲೆ, ಮುಮ್ಮಡಿಯವರ ದತ್ತುಪುತ್ರ ಚಾಮರಾಜ ಒಡೆಯರ ಕಾಲಕ್ಕೆ. ಆಗ ಕೊಟ್ಟ ಹಸ್ತಾಂತರ ಪತ್ರದಲ್ಲೂ, ಷರತ್ತು ಮೀರಿದರೆ ರಾಜ್ಯವನ್ನು ಮತ್ತೆ ವಶಪಡಿಸಿಕೊಳ್ಳುತ್ತೇವೆ ಎಂಬ ಕಲಮು ಉಳಿದೇ ಇತ್ತು. ಅದರ ಜಾಗಕ್ಕೆ ತುಸು ಗೌರವದ ಒಪ್ಪಂದ ಬರಲು 1913ರವರೆಗೆ ಕಾಯಬೇಕಾಯಿತು.

ಮೈಸೂರಿನ ಆ ಕಲಮಿಗೂ 356ನೇ ವಿಧಿಗೂ ಕಾನೂನಿನ ನೇರ ಸಂಬಂಧ ಇಲ್ಲ. ಒಂದು ಪಾಠ ಮಾತ್ರ ಎರಡಕ್ಕೂ ಸಮಾನ. ದೂರದಲ್ಲಿರುವವರು ಯಾರದೋ ವರದಿಯನ್ನು ನೆಚ್ಚಿ ಸರ್ಕಾರವೊಂದನ್ನು ತೆಗೆದುಹಾಕಿದಾಗ, ವರದಿ ಸರಿಯಿತ್ತೇ ಎಂಬ ಪರಿಶೀಲನೆ ಎಲ್ಲ ಮುಗಿದ ಮೇಲೆ ನಡೆಯುತ್ತದೆ.

ವಿಧಿಯ ನೇರ ಪೂರ್ವಜ 1935ರ ಭಾರತ ಸರ್ಕಾರ ಕಾಯಿದೆಯ 93ನೇ ಕಲಮು. ಪ್ರಾಂತದ ಸರ್ಕಾರ ಕಾಯಿದೆಗೆ ಅನುಸಾರವಾಗಿ ನಡೆಯಲಾರದು ಎಂದು ಗವರ್ನರಿಗೆ ಅನ್ನಿಸಿದರೆ ಎಲ್ಲ ಅಧಿಕಾರವನ್ನೂ ಆತ ತೆಗೆದುಕೊಳ್ಳಬಹುದಿತ್ತು. 1939ರಲ್ಲಿ, ಭಾರತವನ್ನು ಕೇಳದೆಯೇ ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಾಗ ಈ ಕಲಮು ಜಾರಿಯಾಯಿತು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು, ಮದ್ರಾಸು ಪ್ರಾಂತದಲ್ಲಿದ್ದ ಮಂಗಳೂರು, ಬಳ್ಳಾರಿಗಳು 1946ರವರೆಗೆ ಗವರ್ನರ್ ಆಳ್ವಿಕೆಯನ್ನು ಕಂಡವು.

ಅದೇ ಕಲಮು ಸ್ವತಂತ್ರ ಭಾರತದ ಸಂವಿಧಾನದ ಕರಡಿನಲ್ಲಿ 278ನೇ ವಿಧಿಯಾಗಿ ಬಂದಾಗ, 1949ರ ಆಗಸ್ಟಿನ ಮೊದಲ ವಾರ ಸಂವಿಧಾನ ಸಭೆಯಲ್ಲಿ ಬಿಸಿ ಚರ್ಚೆ ಎದ್ದಿತು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದವರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಐಸಿಎಸ್ ಹುದ್ದೆ ಬಿಟ್ಟು ಸುಭಾಷ್‌ಚಂದ್ರ ಬೋಸರ ಹಿಂದೆ ಹೋದವರು ಅವರು. ರಾಜ್ಯಪಾಲರ ವರದಿ ಬಂದರೆ, ‘ಅಥವಾ ಅನ್ಯಥಾ’ ಮನವರಿಕೆಯಾದರೆ ರಾಷ್ಟ್ರಪತಿ ಕ್ರಮ ಕೈಗೊಳ್ಳಬಹುದು ಎಂದಿದ್ದ ಒಕ್ಕಣೆಯಲ್ಲಿ ಆ ‘ಅನ್ಯಥಾ’ ಅವರಿಗೆ ಪೈಶಾಚಿಕವಾಗಿ ಕಂಡಿತು. ವರದಿಯೇ ಇಲ್ಲದೆ ರಾಜ್ಯವೊಂದರ ಸರ್ಕಾರವನ್ನು ಕಿತ್ತುಹಾಕಲು ಅದು ಬಾಗಿಲು ತೆರೆಯುತ್ತದೆ, ದಯವಿಟ್ಟು ತೆಗೆದುಹಾಕಿ ಎಂದು ಸಭೆಯನ್ನು ಬೇಡಿಕೊಂಡರು. ಡಾ. ಅಂಬೇಡ್ಕರ್ ಈ ಅಪಾಯವನ್ನು ಅಲ್ಲಗಳೆಯಲಿಲ್ಲ. ವಿಧಿ ದುರುಪಯೋಗವಾಗುವ ಸಾಧ್ಯತೆ ಇದೆ ಎಂದು ಒಪ್ಪಿ, ಅದು ಎಂದೂ ಬಳಕೆಗೆ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಎಂದು ಹಾರೈಸಿದರು. ಬಳಸಲೇಬೇಕಾಗಿ ಬಂದರೆ ಮೊದಲು ರಾಜ್ಯಕ್ಕೆ ಎಚ್ಚರಿಕೆ ಕೊಡಬೇಕು, ಅದು ಫಲಿಸದಿದ್ದರೆ ಚುನಾವಣೆಯ ಮೂಲಕ ಜನರ ತೀರ್ಮಾನಕ್ಕೆ ಬಿಡಬೇಕು, ಅದೂ ಆಗದಿದ್ದಾಗ ಮಾತ್ರ ಈ ವಿಧಿ ಎಂಬುದು ಅವರ ವಿವರಣೆ. ಆದರೆ ಈ ಮೆಟ್ಟಿಲುಗಳು ಭಾಷಣದಲ್ಲಿ ಉಳಿದವು. ವಿಧಿಯ ಪಠ್ಯದೊಳಗೆ ಸೇರಲಿಲ್ಲ. ದೇಶ ವಿಭಜನೆಯ ಗಾಯ ಆಗಿನ್ನೂ ಹಸಿಯಿತ್ತು, ಸಂಸ್ಥಾನಗಳ ವಿಲೀನ ಆಗಷ್ಟೇ ಮುಗಿದಿತ್ತು, ಕೇಂದ್ರ ಬಲವಾಗಿರಬೇಕೆಂಬ ಆತಂಕ ಎಲ್ಲರಲ್ಲೂ ಇತ್ತು. ಅದನ್ನು ಅರ್ಥ ಮಾಡಿಕೊಳ್ಳಬಹುದು. ಕಾಮತರ ಭಯ ನಿಜವಾದದ್ದನ್ನೂ ಮರೆಯಲಾಗದು.

ಸಂವಿಧಾನ ಜಾರಿಗೆ ಬಂದು ಒಂದೂವರೆ ವರ್ಷ ತುಂಬುವ ಮೊದಲೇ, 1951ರ ಜೂನಿನಲ್ಲಿ, ಪಂಜಾಬಿನಲ್ಲಿ ವಿಧಿ ಬಳಕೆಯಾಯಿತು. ಕಾಂಗ್ರೆಸ್ಸಿನ ಒಳಜಗಳವೇ ಅದಕ್ಕೆ ಕಾರಣ. 1959ರ ಜುಲೈ 31ರಂದು ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರವನ್ನು ವಜಾ ಮಾಡಲಾಯಿತು. ಸದನದಲ್ಲಿ ಅವರಿಗೆ ಬಹುಮತ ಇತ್ತು. ಬೀದಿಯ ಚಳವಳಿ ಸಾಕಷ್ಟು ಜೋರಾದರೆ ಸದನದ ಲೆಕ್ಕವನ್ನು ಬದಿಗಿಡಬಹುದು ಎಂಬ ಪಾಠವನ್ನು ದೆಹಲಿ ಅಲ್ಲಿ ಕಲಿತಿತು. 1967ರ ನಂತರ ಬೇರೆ ಬೇರೆ ಪಕ್ಷಗಳು ರಾಜ್ಯಗಳಲ್ಲಿ ಅಧಿಕಾರಕ್ಕೆ ಬರತೊಡಗಿದ ಮೇಲಂತೂ ಇದು ವಾಡಿಕೆಯೇ ಆಯಿತು.

ಈ ವಾಡಿಕೆಯ ಚರಿತ್ರೆಯಲ್ಲಿ ಮತ್ತೊಬ್ಬ ಕನ್ನಡಿಗರ ಹೆಸರಿದೆ. 1977ರ ಮಾರ್ಚಿನಲ್ಲಿ ಜನತಾ ಪಕ್ಷ ಕೇಂದ್ರದಲ್ಲಿ ಗೆದ್ದಿತು. ಲೋಕಸಭೆಯಲ್ಲಿ ಸೋತ ಕಾಂಗ್ರೆಸ್ಸಿಗೆ ರಾಜ್ಯಗಳಲ್ಲಿ ಆಳುವ ನೈತಿಕ ಹಕ್ಕಿಲ್ಲ, ನೀವೇ ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋಗಿ ಎಂದು ಗೃಹಸಚಿವ ಚರಣ್ ಸಿಂಗ್ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಏಪ್ರಿಲ್‌ನಲ್ಲಿ ಪತ್ರ ಬರೆದರು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠ ಮಧ್ಯೆ ಬರಲು ಒಪ್ಪಲಿಲ್ಲ. ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಿದ್ದರಿಂದ ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಬಿ.ಡಿ. ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿ. ಒಂಬತ್ತು ಘೋಷಣೆಗಳ ಕಡತ ಮುಂದೆ ಬಂದಾಗ ಅವರು ತಕ್ಷಣ ಸಹಿ ಹಾಕಲಿಲ್ಲ. ಜನತಾ ಪಾಳೆಯದಲ್ಲಿ ಗದ್ದಲವೆದ್ದಿತು, ಸಂಪುಟ ಒತ್ತಾಯಿಸಿತು, ಏಪ್ರಿಲ್ 30ರಂದು ಸಹಿ ಬಿತ್ತು. ಜತ್ತಿಯವರ ಹಿಂಜರಿಕೆಯನ್ನು ಅಂದು ಹಲವರು ಕಾಂಗ್ರೆಸ್ ನಿಷ್ಠೆ ಎಂದು ಓದಿದರು. ರಾಜ್ಯವೊಂದನ್ನು ನಡೆಸಿದ್ದ ಮನುಷ್ಯನಿಗೆ ಒಂಬತ್ತು ಸರ್ಕಾರಗಳನ್ನು ಒಂದೇ ಲೇಖನಿಯಲ್ಲಿ ಅಳಿಸುವುದು ಭಾರವೆನಿಸಿರಬಹುದು ಎಂದು ಓದಲೂ ಅವಕಾಶ ಇದೆ. ಮೂರು ವರ್ಷಕ್ಕೆ, 1980ರ ಫೆಬ್ರವರಿಯಲ್ಲಿ, ಮತ್ತೆ ಅಧಿಕಾರಕ್ಕೆ ಬಂದ ಇಂದಿರಾ ಗಾಂಧಿ ಅದೇ ತರ್ಕ ಹಿಡಿದು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿದರು.

ಕರ್ನಾಟಕವೂ ಎರಡೂ ಕಡೆಯಿಂದ ಏಟು ತಿಂದಿದೆ. ಕಾಂಗ್ರೆಸ್ ಒಡೆದ ಬಿರುಗಾಳಿಯಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಉರುಳಿ, 1971ರ ಮಾರ್ಚಿನಿಂದ ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆ ನಡೆಯಿತು. 1977ರ ಡಿಸೆಂಬರ್ 31ರಂದು ದೇವರಾಜ ಅರಸು ಸರ್ಕಾರ ವಜಾ ಆಯಿತು. ಕೇಂದ್ರದಲ್ಲಿ ಆಗ ಜನತಾ ಸರ್ಕಾರ. ಎರಡು ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಜನ ಅರಸು ಅವರನ್ನೇ ಮತ್ತೆ ಗೆಲ್ಲಿಸಿದರು.

ಈ ಅನುಭವದ ನೆಲದಲ್ಲೇ ರಾಮಕೃಷ್ಣ ಹೆಗಡೆಯವರ ರಾಜಕಾರಣ ಬೆಳೆದದ್ದು. 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದ ಅವರು ಎರಡು ತಿಂಗಳಲ್ಲಿ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದರು. ಎನ್.ಟಿ. ರಾಮರಾವ್, ಎಂ.ಜಿ. ರಾಮಚಂದ್ರನ್, ಪುದುಚೇರಿಯ ಮುಖ್ಯಮಂತ್ರಿ ಬಂದರು. ಕೇಂದ್ರ–ರಾಜ್ಯಗಳ ಹಣಕಾಸು ಸಂಬಂಧ ಸರಿಯಾಗಬೇಕು ಎಂಬುದು ಅಲ್ಲಿನ ಮುಖ್ಯ ಮಾತು. ಸಭೆ ನಡೆದ ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿ ನ್ಯಾಯಮೂರ್ತಿ ಆರ್.ಎಸ್. ಸರ್ಕಾರಿಯಾ ನೇತೃತ್ವದ ಆಯೋಗವನ್ನು ಘೋಷಿಸಿದರು. ಮರುವರ್ಷ ಆಂಧ್ರದ ರಾಜ್ಯಪಾಲರು ಎನ್‌ಟಿಆರ್ ಅವರನ್ನು ವಜಾ ಮಾಡಿದಾಗ ಅವರ ಶಾಸಕರಿಗೆ ಕರ್ನಾಟಕದಲ್ಲಿ ಆಶ್ರಯ ಸಿಕ್ಕಿತು. ಒಂದು ತಿಂಗಳಲ್ಲಿ ರಾಮರಾವ್ ಕುರ್ಚಿಗೆ ಮರಳಿದರು. 1987ರ ಅಕ್ಟೋಬರಿನಲ್ಲಿ ಸರ್ಕಾರಿಯಾ ಆಯೋಗ ವರದಿ ಒಪ್ಪಿಸಿತು. 356 ಕಟ್ಟಕಡೆಯ ಉಪಾಯವಾಗಬೇಕು, ಬಹುಮತದ ಪ್ರಶ್ನೆ ಸದನದಲ್ಲೇ ತೀರ್ಮಾನವಾಗಬೇಕು, ಸಂಸತ್ತು ನೋಡುವ ಮೊದಲು ವಿಧಾನಸಭೆ ವಿಸರ್ಜಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬೊಮ್ಮಾಯಿ ಸರ್ಕಾರ ವಜಾ ಆದಾಗ ಆ ವರದಿ ಕೇಂದ್ರದ ಕೈ ಸೇರಿ ಒಂದೂವರೆ ವರ್ಷವಾಗಿತ್ತು.

ಏಪ್ರಿಲ್ 26ರಂದು ಬೊಮ್ಮಾಯಿ ಕರ್ನಾಟಕ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ವಜಾ ಮಾಡಿತು; ಸದನದಲ್ಲಿ ಬಹುಮತ ಪರೀಕ್ಷಿಸುವುದು ಕಡ್ಡಾಯವೇನಲ್ಲ ಎಂಬುದು ಅದರ ನಿಲುವು. ರಾಜಕೀಯ ಮುಂದೆ ಸಾಗಿತು. 1989ರ ನವೆಂಬರಿನ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು, ವೀರೇಂದ್ರ ಪಾಟೀಲರು ಮತ್ತೆ ಮುಖ್ಯಮಂತ್ರಿಯಾದರು. ಇನ್ನು ಗೆದ್ದರೂ ಬೊಮ್ಮಾಯಿಗೆ ಕುರ್ಚಿ ಸಿಗುವಂತಿರಲಿಲ್ಲ. ಸಾಮಾನ್ಯವಾಗಿ ಇಂಥ ಮೊಕದ್ದಮೆಗಳು ಸಾಯುವುದು ಇಲ್ಲೇ. ಬೊಮ್ಮಾಯಿ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ವಕೀಲನ ಹಟ ಎನ್ನಬಹುದು, ತತ್ವದ ಹಟ ಎಂದರೂ ಸರಿಯೇ. ಈ ಹಟ ಇಲ್ಲದಿದ್ದರೆ ಆಮೇಲಿನ ಮೂವತ್ತು ವರ್ಷಗಳ ರಾಜಕೀಯ ಚರಿತ್ರೆ ಬೇರೆಯೇ ಆಗುತ್ತಿತ್ತು.

ದೆಹಲಿಯಲ್ಲಿ ಅವರ ಅರ್ಜಿಯ ಜೊತೆ ಇನ್ನೂ ಐದು ರಾಜ್ಯಗಳ ದೂರುಗಳು ಸೇರಿಕೊಂಡವು. 1988ರಲ್ಲಿ ವಜಾ ಆದ ನಾಗಾಲ್ಯಾಂಡ್, 1991ರ ಮೇಘಾಲಯ. ಜೊತೆಗೆ 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿದ ಮೇಲೆ, ಡಿಸೆಂಬರ್ 15ರಂದು ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳು. ತೀರ್ಪು ಬಂದದ್ದು 1994ರ ಮಾರ್ಚ್ 11ರಂದು. ಒಂಬತ್ತು ನ್ಯಾಯಮೂರ್ತಿಗಳು ಆರು ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದರು. ನಾಗಾಲ್ಯಾಂಡ್, ಕರ್ನಾಟಕ, ಮೇಘಾಲಯಗಳ ಘೋಷಣೆಗಳು ಸಂವಿಧಾನಬಾಹಿರ ಎಂದಾಯಿತು. ಉಳಿದ ಮೂರು ಸಿಂಧುವಾದವು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ, ಅದಕ್ಕೆ ವಿರುದ್ಧವಾಗಿ ನಡೆಯುವ ರಾಜ್ಯ ಸರ್ಕಾರದ ಮೇಲೆ 356 ಬಳಸಬಹುದು ಎಂದು ಪೀಠ ಹೇಳಿತು. ಈ ಎರಡನೇ ಭಾಗ ಇಂದಿಗೂ ಚರ್ಚೆಯಲ್ಲಿದೆ. ತತ್ವ ಸರಿ. ಆದರೆ ರಾಜ್ಯವೊಂದು ಆ ಗೆರೆ ದಾಟಿದೆ ಎಂದು ನಿರ್ಧರಿಸುವ ಮೊದಲ ಅವಕಾಶ ಕೇಂದ್ರದ ಕೈಯಲ್ಲೇ ಉಳಿಯುತ್ತದೆ ಎಂಬ ಕಳವಳವೂ ಸಣ್ಣದಲ್ಲ.

ತೀರ್ಪಿನ ಮೊದಲ ಭಾಗದಲ್ಲಿ ಮೂರು ಮಾತುಗಳು ನಿಂತವು. ಸರ್ಕಾರಕ್ಕೆ ಬಹುಮತ ಇದೆಯೇ ಎಂಬುದು ರಾಜ್ಯಪಾಲರ ವೈಯಕ್ತಿಕ ಅಭಿಪ್ರಾಯದ ವಿಷಯ ಆಗಬಾರದು. ಅದನ್ನು ನೋಡಬೇಕಾದ ಜಾಗ ಸದನ. ರಾಷ್ಟ್ರಪತಿಗೆ ಸಂಪುಟ ಕೊಟ್ಟ ಸಲಹೆ ಗುಟ್ಟಾಗಿರಬಹುದು, ಆ ಸಲಹೆಗೆ ಆಧಾರವಾದ ಕಾಗದಪತ್ರಗಳನ್ನು ಮಾತ್ರ ನ್ಯಾಯಾಲಯ ತರಿಸಿ ನೋಡಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದಷ್ಟೇ. ಘೋಷಣೆ ಬಿದ್ದುಹೋದರೆ ಹಳೆಯ ಸರ್ಕಾರವೇ ಮರಳುತ್ತದೆ. ನ್ಯಾಯಮೂರ್ತಿ ಜೀವನ್ ರೆಡ್ಡಿ, ಸತ್ತ ಅಕ್ಷರವಾಗಿರಬೇಕಿದ್ದ ವಿಧಿ ಅಷ್ಟರಲ್ಲಿ ತೊಂಬತ್ತಕ್ಕೂ ಹೆಚ್ಚು ಬಾರಿ ಬಳಕೆಯಾದದ್ದನ್ನು ನೆನಪಿಸಿದರು. ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ, ತಮಗೆ ಹಂಚಿಕೆಯಾದ ಕ್ಷೇತ್ರದಲ್ಲಿ ಅವೇ ಸರ್ವೋಚ್ಚ ಎಂದೂ ಅವರು ಬರೆದರು.

ಈ ಮೂರರಲ್ಲಿ ಜನ ಹೆಚ್ಚು ನೆನೆಯುವುದು ಮೊದಲನೆಯದನ್ನು. ರಾಜ್ಯಗಳಿಗೆ ನಿಜವಾದ ಕಾವಲಾದದ್ದು ಮೂರನೆಯದು. ರಾಜ್ಯಸಭೆಯಲ್ಲಿ ಆಳುವ ಪಕ್ಷಕ್ಕೆ ಬಹುಮತ ಇಲ್ಲದ ದಿನಗಳಲ್ಲಿ ಅದರ ಬಲ ಕಂಡಿತು. 1999ರ ಫೆಬ್ರವರಿಯಲ್ಲಿ ವಾಜಪೇಯಿ ಸರ್ಕಾರ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಿತು. ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಸಂಖ್ಯೆ ಇರಲಿಲ್ಲ. ಒಂದು ತಿಂಗಳೊಳಗೆ ಘೋಷಣೆಯನ್ನು ಹಿಂತೆಗೆದುಕೊಂಡು, ರಾಬ್ಡಿಯವರನ್ನೇ ಮತ್ತೆ ಕೂರಿಸಬೇಕಾಯಿತು. 1989ರ ಬೆಂಗಳೂರಿನಂತೆ ವಿಧಾನಸಭೆ ಮೊದಲ ದಿನವೇ ಇಲ್ಲವಾಗಿದ್ದರೆ ಅವರು ಮರಳಲು ಜಾಗವೇ ಇರುತ್ತಿರಲಿಲ್ಲ.

ಅಧಿಕಾರದ ಆಸೆ ತೀರ್ಪಿನಿಂದ ಕರಗಲಿಲ್ಲ. 1996ರ ಜೂನಿನಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು, ಬೊಮ್ಮಾಯಿ ಅವರ ಸಂಪುಟದಲ್ಲಿ ಮಾನವ ಸಂಪನ್ಮೂಲ ಸಚಿವರು. ರಾಜ್ಯಗಳ ಪಕ್ಷಗಳೇ ಕೂಡಿ ಕಟ್ಟಿದ್ದ ಆ ಸಂಯುಕ್ತ ರಂಗ ಸರ್ಕಾರವೇ ಸೆಪ್ಟೆಂಬರಿನಲ್ಲಿ ಗುಜರಾತಿನ ಸುರೇಶ್ ಮೆಹ್ತಾ ಸರ್ಕಾರವನ್ನು ತೆಗೆದು ರಾಷ್ಟ್ರಪತಿ ಆಳ್ವಿಕೆ ತಂದಿತು. ಅಕ್ಟೋಬರಿನಲ್ಲಿ ಉತ್ತರ ಪ್ರದೇಶದಲ್ಲಿ ಯಾರಿಗೂ ಬಹುಮತ ಬಾರದಿದ್ದಾಗ ಮತ್ತೆ ಅದೇ ವಿಧಿಯ ಮೊರೆ ಹೊಕ್ಕಿತು. ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಆ ಘೋಷಣೆಯನ್ನು ಅಸಿಂಧು ಎಂದಿತು. ದೆಹಲಿಯ ಕುರ್ಚಿಯಲ್ಲಿ ಕೂತವರಿಗೆ ರಾಜ್ಯದ ಗೆರೆ ಮಸುಕಾಗಿ ಕಾಣುತ್ತದೆ. ಇದಕ್ಕೆ ಯಾವ ಪಕ್ಷವೂ ಹೊರತಾಗಲಿಲ್ಲ. 2005ರಲ್ಲಿ ಬಿಹಾರದ ವಿಧಾನಸಭೆ ಒಮ್ಮೆಯೂ ಸೇರುವ ಮೊದಲೇ ವಿಸರ್ಜನೆಯಾಯಿತು. ಮಾಸ್ಕೋದಲ್ಲಿದ್ದ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ರಾತ್ರಿಯೇ ಸಹಿ ಪಡೆದು ತರಲಾಗಿತ್ತು. ಸುಪ್ರೀಂ ಕೋರ್ಟ್ ಅದನ್ನೂ ಸಂವಿಧಾನಬಾಹಿರ ಎಂದಿತು. ಶಿಫಾರಸು ಮಾಡಿದ್ದ ರಾಜ್ಯಪಾಲರು, 1989ರಲ್ಲಿ ಕೇಂದ್ರ ಗೃಹಸಚಿವರಾಗಿದ್ದ ಅದೇ ಬೂಟಾ ಸಿಂಗ್.

2007ರ ಅಕ್ಟೋಬರ್ 10ರಂದು ಬೊಮ್ಮಾಯಿ ಬೆಂಗಳೂರಿನಲ್ಲಿ ತೀರಿಕೊಂಡರು. ಹಿಂದಿನ ದಿನವಷ್ಟೇ, ಜೆಡಿಎಸ್–ಬಿಜೆಪಿ ಮೈತ್ರಿ ಮುರಿದು, ಕರ್ನಾಟಕದಲ್ಲಿ ಮತ್ತೆ ರಾಷ್ಟ್ರಪತಿ ಆಳ್ವಿಕೆ ಜಾರಿಯಾಗಿತ್ತು. ಈ ಬಾರಿ ವಿಧಾನಸಭೆ ಅಮಾನತಿನಲ್ಲಿತ್ತು, ವಿಸರ್ಜನೆಯಾಗಿರಲಿಲ್ಲ. ಅದರಿಂದಾಗಿಯೇ ನವೆಂಬರ್ 12ರಂದು ಅದೇ ಸದನದ ಬಲದ ಮೇಲೆ ಬಿ.ಎಸ್. ಯಡಿಯೂರಪ್ಪ ಪ್ರಮಾಣ ಸ್ವೀಕರಿಸಲು ಸಾಧ್ಯವಾಯಿತು. ಅವರ ಸರ್ಕಾರ ಒಂದು ವಾರವಷ್ಟೇ ಉಳಿಯಿತು ಎಂಬುದು ಬೇರೆ ಮಾತು.

2016ರ ಉತ್ತರಾಖಂಡದ ಘಟನೆ 1989ರ ಬೆಂಗಳೂರಿನದನ್ನು ಬಹಳ ಹೋಲುತ್ತದೆ. ಮುಖ್ಯಮಂತ್ರಿ ಹರೀಶ್ ರಾವತ್ ಮಾರ್ಚ್ 28ಕ್ಕೆ ಬಹುಮತ ಸಾಬೀತು ಮಾಡಬೇಕಿತ್ತು. 27ರಂದೇ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಏಪ್ರಿಲ್ 21ರಂದು ಹೈಕೋರ್ಟ್ ಘೋಷಣೆಯನ್ನು ರದ್ದುಗೊಳಿಸಿತು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟರೂ, ಮೇ 10ರಂದು ಸದನದಲ್ಲೇ ಮತ ನಡೆಯಲಿ ಎಂದಿತು. ರಾವತ್ 33–28ರಿಂದ ಗೆದ್ದು ಅಧಿಕಾರಕ್ಕೆ ಮರಳಿದರು. ಬೊಮ್ಮಾಯಿ ಕೇಳಿ ಸಿಗದಿದ್ದ ಆ ಒಂದು ದಿನ, ಇಪ್ಪತ್ತೇಳು ವರ್ಷಗಳ ಮೇಲೆ ಬೇರೊಬ್ಬ ಮುಖ್ಯಮಂತ್ರಿಗೆ ಸಿಕ್ಕಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದ ರಾಜ್ಯಪಾಲರು ಬಹುಮತ ತೋರಿಸಲು ಯಡಿಯೂರಪ್ಪನವರಿಗೆ ಹದಿನೈದು ದಿನ ಕೊಟ್ಟಾಗ ಸುಪ್ರೀಂ ಕೋರ್ಟ್ ಅದನ್ನು ಮೇ 19ರ ಸಂಜೆ ನಾಲ್ಕಕ್ಕೆ ಇಳಿಸಿದ್ದೂ ಇದೇ ತರ್ಕದಿಂದ. ಮತ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಶಾಸಕರನ್ನು ರೆಸಾರ್ಟುಗಳಿಗೆ ಸಾಗಿಸುವುದನ್ನು, ರಾಜೀನಾಮೆ ಕೊಡಿಸಿ ಸದನದ ಸಂಖ್ಯೆಯನ್ನೇ ಇಳಿಸುವುದನ್ನು ಬೊಮ್ಮಾಯಿ ತೀರ್ಪು ತಡೆಯಲಾರದು. 2019ರ ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ 99–105ರಿಂದ ಬಿದ್ದದ್ದು ವಿಧಾನಸೌಧದ ಒಳಗೇ, ಎಲ್ಲರ ಕಣ್ಣೆದುರು. ಆ ಎಣಿಕೆಗೆ ಮುನ್ನ ಹದಿನೈದಕ್ಕೂ ಹೆಚ್ಚು ಶಾಸಕರು ಸದನದಿಂದ ದೂರ ಉಳಿದಿದ್ದರು.

ರಾಜ್ಯಪಾಲರ ನೇಮಕದ ಪ್ರಶ್ನೆಯೂ ಇನ್ನೂ ಹಾಗೇ ಇದೆ. ಸಕ್ರಿಯ ರಾಜಕಾರಣದಲ್ಲಿ ಇತ್ತೀಚಿನವರೆಗೂ ಇದ್ದವರನ್ನು ರಾಜಭವನಕ್ಕೆ ಕಳಿಸಬೇಡಿ ಎಂದು ಸರ್ಕಾರಿಯಾ ಆಯೋಗ ಹೇಳಿತ್ತು. ಕೇಂದ್ರ ಮತ್ತು ರಾಜ್ಯಗಳು ಕೂತು ಮಾತಾಡಲು ಶಾಶ್ವತ ವೇದಿಕೆ ಇರಲಿ ಎಂದೂ ಹೇಳಿತ್ತು. ಅದರಂತೆ 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಅಂತರರಾಜ್ಯ ಮಂಡಳಿಯನ್ನು ಸ್ಥಾಪಿಸಿತು. ಮಂಡಳಿಯ ಹತ್ತನೇ ಸಭೆ 2006ರ ಡಿಸೆಂಬರಿನಲ್ಲಿ ನಡೆಯಿತು; ಹನ್ನೊಂದನೆಯದಕ್ಕೆ 2016ರ ಜುಲೈವರೆಗೆ ಕಾಯಬೇಕಾಯಿತು. ಆ ಸಭೆಯ ಮುಂದಿದ್ದ ವಿಷಯಗಳಲ್ಲಿ 2010ರ ಪೂಂಛಿ ಆಯೋಗದ ಶಿಫಾರಸುಗಳೂ ಇದ್ದವು. ಇಡೀ ರಾಜ್ಯವನ್ನು ವಶಕ್ಕೆ ತೆಗೆದುಕೊಳ್ಳುವ ಬದಲು ಗಲಭೆಯಿರುವ ಜಿಲ್ಲೆಗಷ್ಟೇ ಕೇಂದ್ರದ ಕ್ರಮ ಸೀಮಿತವಾಗಲಿ, ರಾಜ್ಯಪಾಲರಿಗೆ ಐದು ವರ್ಷದ ಖಚಿತ ಅವಧಿ ಇರಲಿ, ಅವರನ್ನು ತೆಗೆಯಲು ಮಹಾಭಿಯೋಗದಂಥ ಕ್ರಮ ಇರಲಿ ಎಂದು ಆ ಆಯೋಗ ಹೇಳಿತ್ತು. ಅದಕ್ಕೆ ಬೇಕಾದ ಸಂವಿಧಾನ ತಿದ್ದುಪಡಿ ಇನ್ನೂ ಆಗಿಲ್ಲ.